ತುರಾಯಿ ಯಾರದು?

ಜನವರಿ 26ರ ಪರೇಡು ನೋಡುವಾಗ ನೀವು ಯಾವುದನ್ನು ನೋಡ್ತೀರಿ? ಟ್ಯಾಂಕು, ಕ್ಷಿಪಣಿ, ರಾಜ್ಯಗಳ ಸ್ತಬ್ಧಚಿತ್ರ, ಕೊನೆಗೆ ಬರೋ ವಿಮಾನಗಳು. ನಾನು ಟೋಪಿ ನೋಡ್ತೀನಿ. ಒಂದೊಂದು ತುಕಡಿ ಬಂದ ಹಾಗೂ ತಲೆ ಮೇಲಿನದು ಬದಲಾಗ್ತಾ ಹೋಗುತ್ತೆ. ಒಬ್ಬರದು ಬಿಗಿಯಾಗಿ ಸುತ್ತಿದ ಪೇಟ, ಅದರ ಮೇಲೆ ಬೀಸಣಿಗೆ ಥರ ಬಿಚ್ಚಿಕೊಂಡ ಬಟ್ಟೆ. ಇನ್ನೊಬ್ಬರದು ಅಗಲ ಅಂಚಿನ ಹ್ಯಾಟು. ಮತ್ತೊಬ್ಬರ ಬೆರೆ ಟೋಪಿಯ ಪಕ್ಕದಲ್ಲಿ ಪುಟ್ಟ ಗರಿಗೊಂಚಲು. ಆ ಬೀಸಣಿಗೆಗೆ ಹಿಂದಿಯವರು ತುರ್ರಾ ಅಂತಾರೆ. ನಮ್ಮ ಕಡೆ ಅದೇ ತುರಾಯಿ.

ಬೆಂಗಳೂರಿನ ಗೆಳೆಯರಿಗೆ ತುರಾಯಿ ಅಂದ್ರೆ ಹೂವಿನ ಗೊಂಚಲು ನೆನಪಾಗಬಹುದು. ನಮ್ಮ ಉತ್ತರ ಕರ್ನಾಟಕದವರಿಗೆ ಮಾತ್ರ ತುರಾಯಿ ಅಂದ ತಕ್ಷಣ ಕಲ್ಗಿ ಅನ್ನೋ ಜೋಡಿ ಪದ ನಾಲಿಗೆಗೆ ಬರುತ್ತೆ. ಲಾವಣಿ ಹಾಡೋರಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಪಕ್ಷ. ಹರದೇಶಿಯವರು ತುರಾಯಿ ಕಡೆಯವರು, ಶಿವ ದೊಡ್ಡವನು ಅಂತ ವಾದ ಹೂಡ್ತಾರೆ. ನಾಗೇಶಿಯವರು ಕಲ್ಗಿ ಕಡೆಯವರು, ಶಕ್ತಿ ದೊಡ್ಡವಳು ಅಂತಾರೆ. ಜಾತ್ರೆಯಲ್ಲಿ ರಾತ್ರಿಯಿಡೀ ಡಪ್ಪು ಹಿಡಿದು ಸವಾಲು-ಜವಾಬು ನಡೆಯುತ್ತೆ, ಬೆಳಕು ಹರಿದರೂ ತೀರ್ಮಾನ ಆಗಲ್ಲ. ಈ ಹೆಸರು ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಕತೆ ಇದೆ: ಚಂದೇರಿಯ ರಾಜನೊಬ್ಬ ಇಬ್ಬರು ಸಂತ ಹಾಡುಗಾರರ ವಾದ ಕೇಳಿ ಮೆಚ್ಚಿ, ತನ್ನ ಕಿರೀಟದಲ್ಲಿದ್ದ ತುರಾಯಿ ಕಿತ್ತು ಒಬ್ಬನಿಗೆ, ಕಲ್ಗಿ ಕಿತ್ತು ಇನ್ನೊಬ್ಬನಿಗೆ ಕೊಟ್ಟನಂತೆ. ಕತೆ ನಿಜವೋ ಸುಳ್ಳೋ, ಒಂದು ಮಾತು ಅದರಲ್ಲಿ ಸ್ಪಷ್ಟವಾಗಿದೆ. ತಲೆ ಮೇಲಿನ ಗರಿಯನ್ನ ಯಾರೋ ದೊಡ್ಡವರು ಕೊಡಬೇಕು. ನಾವಾಗೇ ಸಿಕ್ಕಿಸಿಕೊಂಡರೆ ಅದು ಬರೀ ಪುಕ್ಕ.

ನನಗೆ ಈ ಹುಚ್ಚು ಹಿಡಿಯೋಕೆ ಕಾರಣ ನಮ್ಮ ಕಾಕಾನ ಮಗ. ಅವನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು, ಯುದ್ಧಕ್ಕೆ ಹೋಗೋ ಮನುಷ್ಯ ತಲೆ ಮೇಲೆ ಹಕ್ಕಿ ಗರಿ ಯಾಕೆ ಇಟ್ಕೊಂಡ ಅನ್ನೋದನ್ನ ನೋಡೋಣ. ಮೇಲ್ನೋಟಕ್ಕೆ ಇದು ಶುದ್ಧ ಷೋಕಿ ಅನ್ನಿಸುತ್ತೆ. ಷೋಕಿ ಇಲ್ಲ ಅಂತಲ್ಲ. ಆದರೆ ಅದರ ಕೆಳಗೆ ಇರೋದು ತಲೆನೋವಿನ ಒಂದು ಪ್ರಾಬ್ಲಮ್ಮು. ಆ ಪ್ರಾಬ್ಲಮ್ಮು ನಮ್ಮೂರಲ್ಲೇ ಒಮ್ಮೆ ಬಂದಿತ್ತು.

ನಮ್ಮೂರು ಸಾಣಾಪುರ. ವೀಕೆಂಡಿಗೆ ಹಂಪಿಗೆ ಹೋದೋರು ನದಿ ದಾಟಿ ಬಂದು ತೆಪ್ಪದಲ್ಲಿ ಕೂತು ರೀಲ್ಸ್ ಮಾಡ್ತೀರಲ್ಲ, ಆ ಕೆರೆ ಇರೋ ಊರು. ತುಂಗಭದ್ರೆಯ ಎಡದಂಡೆ ಕಾಲುವೆ ನೀರು ಬಂದು ನಿಲ್ಲೋ ಜಾಗ ಅದು. ಪಕ್ಕದಲ್ಲೇ ಆನೆಗೊಂದಿ, ಅಂಜನಾದ್ರಿ. ಅಲ್ಲಿನೋರನ್ನ ಕೇಳಿದರೆ ಕಿಷ್ಕಿಂಧೆ ಅಂದ್ರೆ ಇದೇ, ವಾಲಿ ಇದ್ದ ಗವಿ ಆ ಗುಡ್ಡದಾಗ ಐತಿ ಅಂತ ಕೈ ಮಾಡಿ ತೋರಿಸ್ತಾರೆ. ವಾಲಿ-ಸುಗ್ರೀವರ ಕತೆ ನಿಮಗೆ ಗೊತ್ತು. ಮೊದಲ ಸಲ ಸುಗ್ರೀವ ಹೋಗಿ ಅಣ್ಣನ್ನ ಕೆಣಕಿ, ಚೆನ್ನಾಗಿ ಏಟು ತಿಂದು ಓಡಿ ಬರ್ತಾನೆ. ಮರದ ಮರೆಯಲ್ಲಿದ್ದ ರಾಮ ಬಾಣ ಬಿಡಲೇ ಇಲ್ಲ. ಯಾಕೆ ಅಂದ್ರೆ ಇಬ್ಬರೂ ಒಂದೇ ಥರ ಕಂಡರು, ಯಾರು ಯಾರು ಅಂತ ಗೊತ್ತಾಗಲಿಲ್ಲ. ಎರಡನೇ ಸಲ ಲಕ್ಷ್ಮಣ ಹೂಬಿಟ್ಟ ಗಜಪುಷ್ಪಿ ಬಳ್ಳಿ ಕಿತ್ತು ಸುಗ್ರೀವನ ಕೊರಳಿಗೆ ಕಟ್ಟಿ ಕಳಿಸ್ತಾನೆ. ಆಗ ಬಾಣ ಬಿಡೋನಿಗೆ ಗುರುತು ಸಿಕ್ಕಿತು.

ವಾಲಿಯನ್ನ ಮರೆಯಲ್ಲಿ ನಿಂತು ಹೊಡೆದದ್ದು ಸರಿಯೋ ತಪ್ಪೋ ಅಂತ ನಮ್ಮ ದೊಡ್ಡಾಟದೋರು ಇವತ್ತಿಗೂ ಜಗಳ ಆಡ್ತಾರೆ, ಅದು ಬೇರೆ ವಿಷಯ. ನನಗೆ ಬೇಕಾಗಿರೋದು ಆ ಬಳ್ಳಿ. ಸೈನಿಕನ ಟೋಪಿಯ ಗರಿ ಮಾಡೋ ಕೆಲಸ ಅದೇ: ದೂರದಲ್ಲಿ ನಿಂತೋನಿಗೆ "ಇವನು ನಮ್ಮವನು, ಹೊಡೀಬೇಡ" ಅಂತ ಹೇಳೋದು.

ಈಗ ಹದಿನೆಂಟನೇ ಶತಮಾನದ ಯೂರೋಪಿನ ರಣರಂಗ ಕಲ್ಪಿಸಿಕೊಳ್ಳಿ. ಆಗಿನ ಕರಿ ಮದ್ದು ಒಂದು ಸಲ ಹಾರಿದರೆ ದಟ್ಟ ಬಿಳಿ ಹೊಗೆ. ಸಾವಿರ ಬಂದೂಕು ಒಟ್ಟಿಗೆ ಹಾರಿದರೆ ಮುಂದಿರೋ ಬೆನ್ನೇ ಕಾಣಲ್ಲ. ಮುಖ ಕಾಣಲ್ಲ, ಕೋಟಿನ ಬಣ್ಣ ಕಾಣಲ್ಲ. ಕಂಡರೆ ಹೊಗೆಯ ಮೇಲೆ ಎದ್ದು ನಿಂತದ್ದು ಮಾತ್ರ: ಬಾವುಟ, ಟೋಪಿಯ ತುದಿ. ಅದಕ್ಕೇ ಟೋಪಿಗಳು ಎತ್ತರ ಆದವು, ಅದರ ಮೇಲೆ ಗರಿ ಬಂತು, ಗರಿಗೆ ಬಣ್ಣದ ಕೋಡು ಬಂತು. 1800ರ ಹೊತ್ತಿಗೆ ಬ್ರಿಟಿಷ್ ಕಾಲಾಳು ಪಡೆಯಲ್ಲಿ ಗ್ರೆನೇಡಿಯರ್ ಕಂಪನಿಗೆ ಬಿಳಿ ಗರಿ, ಹಗುರ ಕಂಪನಿಗೆ ಹಸಿರು, ಉಳಿದ ಕಂಪನಿಗಳಿಗೆ ಬುಡದಲ್ಲಿ ಕೆಂಪು ಇರೋ ಬಿಳಿ. ದೂರದ ಗುಡ್ಡದ ಮೇಲೆ ಕುದುರೆ ನಿಲ್ಲಿಸಿಕೊಂಡ ಸೇನಾಪತಿ ಇದನ್ನ ನೋಡಿ ಯಾವ ಕಂಪನಿ ಎಲ್ಲಿದೆ ಅಂತ ಓದಿಕೊಳ್ಳಬಹುದಿತ್ತು. ನಮ್ಮ ಮಾನಿಟರಿಂಗ್ ಡ್ಯಾಶ್‌ಬೋರ್ಡಿನಲ್ಲಿ ಹಸಿರು, ಕೆಂಪು, ಹಳದಿ ಚುಕ್ಕಿ ಇರ್ತಾವಲ್ಲ, ಹಾಗೆ.

ಕೋಡಾಗಿ ಶುರುವಾದದ್ದು ಬರಬರುತ್ತಾ ಮಾನ ಆಯ್ತು. 1778ರ ಡಿಸೆಂಬರ್‌ನಲ್ಲಿ ವೆಸ್ಟ್ ಇಂಡೀಸ್‌ನ ಸೇಂಟ್ ಲೂಸಿಯಾ ದ್ವೀಪದಲ್ಲಿ ಬ್ರಿಟಿಷರ 5ನೇ ಕಾಲಾಳು ರೆಜಿಮೆಂಟು ಫ್ರೆಂಚರನ್ನ ಸೋಲಿಸಿತು. ಸತ್ತುಬಿದ್ದ ಫ್ರೆಂಚ್ ಗ್ರೆನೇಡಿಯರ್‌ಗಳ ಟೋಪಿಯಿಂದ ಬಿಳಿ ಗರಿ ಕಿತ್ತು ತಮ್ಮ ಟೋಪಿಗೆ ಸಿಕ್ಕಿಸಿಕೊಂಡರು ಅಂತ ಆ ರೆಜಿಮೆಂಟಿನ ನಂಬಿಕೆ. ಐವತ್ತು ವರ್ಷ ಆದಮೇಲೆ, 1829ರಲ್ಲಿ, ಬಿಳಿ ಗರಿಯನ್ನ ಎಲ್ಲ ಕಾಲಾಳುಗಳಿಗೂ ಕೊಟ್ಟುಬಿಟ್ಟರು. ಇವರಿಗೆ ಉರಿಯದೇ ಇರುತ್ತಾ? ನಾವು ಗೆದ್ದು ತಂದದ್ದು ಎಲ್ಲರಿಗೂ ಪುಕ್ಕಟೆ ಹೋಯ್ತಲ್ಲ ಅಂತ. ಸಮಾಧಾನಕ್ಕೆ ಅವರ ಗರಿಯ ಮೇಲ್ತುದಿಗೆ ಮಾತ್ರ ಕೆಂಪು ಬಣ್ಣ ಕೊಟ್ಟರು. ಆ ಪಡೆಯ ವಾರಸುದಾರರು ಇವತ್ತಿಗೂ ಕೆಂಪು-ಬಿಳಿ ಗರಿ ಹಾಕ್ತಾರೆ. ಸ್ಕಾಟ್ಲೆಂಡಿನ ಬ್ಲ್ಯಾಕ್ ವಾಚ್ ರೆಜಿಮೆಂಟಿನವರ ಕೆಂಪು ಗರಿ ಇನ್ನೂ ಪ್ರಸಿದ್ಧ. ಅದು ಅವರಿಗೆ ಮಾತ್ರ ಅಂತ 1822ರಲ್ಲಿ ಹುಕುಂ ಆಯ್ತು. ಈ ಬ್ಲ್ಯಾಕ್ ವಾಚ್‌ನವರು ನಮಗೆ ಪರಕೀಯರೇನಲ್ಲ. ಅವರ ಎರಡನೇ ಬೆಟಾಲಿಯನ್ನು 1783ರಿಂದ 84ರ ಜನವರಿವರೆಗೆ ಮಂಗಳೂರಿನ ಕೋಟೆಯೊಳಗೆ ಟಿಪ್ಪುವಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು, ಕೊನೆಗೆ ಕೋಟೆ ಬಿಟ್ಟುಕೊಟ್ಟು ಹೊರಟಿತ್ತು. ಸೋತರೂ ಮಂಗಳೂರಿನ ಹೆಸರನ್ನ ಯುದ್ಧಗೌರವ ಅಂತ ಬಾವುಟದ ಮೇಲೆ ಬರೆಸಿಕೊಂಡರು.

ಈ ಗರಿಗೆ ಇಂಗ್ಲಿಷಿನಲ್ಲಿ ಹ್ಯಾಕಲ್ ಅಂತಾರೆ. ಹ್ಯಾಕಲ್ ಅಂದ್ರೆ ಮೂಲದಲ್ಲಿ ಹುಂಜದ ಕತ್ತಿನ ಗರಿ. ಹುಂಜದ ಜಗಳ ನೋಡಿದ್ದೀರಾ? ಕಾಲು ಕೆರೆದು ನಿಂತಾಗ ಕತ್ತಿನ ಸುತ್ತ ಗರಿ ಎದ್ದು ಛತ್ರಿ ಥರ ಬಿಚ್ಚಿಕೊಳ್ಳುತ್ತೆ. ಆಗ ಅದು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತೆ. ದೊಡ್ಡದಾಗಿ ಕಾಣೋದೇ ಅರ್ಧ ಯುದ್ಧ. ವಿಜಯನಗರದವರಿಗೂ ಇದು ಗೊತ್ತಿತ್ತು. ಗರಿ ಬದಲು ಅವರು ಟೋಪಿಯನ್ನೇ ಉದ್ದ ಮಾಡಿದರು. ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯನ ಲೋಹದ ಪ್ರತಿಮೆ ನೋಡಿ, ತಲೆ ಮೇಲೆ ಶಂಕುವಿನ ಥರ ಎತ್ತರದ ಕುಳ್ಳಾಯಿ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ರಾಜನ ಜರತಾರಿ ಟೋಪಿಯನ್ನ ತಮ್ಮ ಕಡೆಯ ಶಿರಸ್ತ್ರಾಣಕ್ಕೆ ಹೋಲಿಸಿ ಬರೆದಿದ್ದಾನೆ. ಅದೇ ಸಾಲಿನ ಆಸುಪಾಸಿನಲ್ಲಿ ಇನ್ನೊಂದು ವಿವರ: ರಾಜ ಬರಿಗಾಲಲ್ಲಿ ಇದ್ದ. ಕಾಲಿಗೆ ಚಪ್ಪಲಿ ಇಲ್ಲದಿದ್ದರೂ ನಡೆಯುತ್ತೆ, ತಲೆಗೆ ಮಾತ್ರ ಬೇಕೇಬೇಕು.

ಇಲ್ಲಿವರೆಗೂ ಮನುಷ್ಯರ ಲೆಕ್ಕ ಆಯ್ತು. ಹಕ್ಕಿಯ ಲೆಕ್ಕ ಬೇರೆ ಇದೆ.

ಗಂಗಾವತಿ ಸೀಮೆ ಅಂದ್ರೆ ಭತ್ತ. ನಿಮ್ಮ ಮನೆ ಸೋನಾ ಮಸೂರಿ ಚೀಲ ನಮ್ಮ ಕಡೆಯದೇ ಇರಬಹುದು. ಗದ್ದೆ ಉಳುಮೆಗೆ ಇಳಿದಾಗ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ಮೆರವಣಿಗೆ. ಕೆಸರು ಮಗುಚಿದ ಹಾಗೆ ಹುಳ ಹೆಕ್ಕುತ್ತಾ ಬರ್ತವೆ. ನಾವು ಹುಡುಗರಿದ್ದಾಗ ಅವು ನಮಗೆ ಕಾಗೆಯಷ್ಟೇ ಮಾಮೂಲು. ಅದರಲ್ಲಿ ಒಂದು ಜಾತಿ, ಕರಿ ಕೊಕ್ಕು, ಕರಿ ಕಾಲು, ಹಳದಿ ಪಾದದ್ದು. ಮರಿ ಮಾಡೋ ಕಾಲ ಬಂತು ಅಂದ್ರೆ ಅದರ ಬೆನ್ನ ಮೇಲೆ ನೂಲಿನ ಎಳೆಗಳಂಥ ನವಿರು ಗರಿ ಇಳಿಬೀಳುತ್ತೆ, ತಲೆ ಹಿಂದೆ ಎರಡು ಉದ್ದ ಎಳೆ. ಗಾಳಿ ಬಂದರೆ ಅಲುಗಾಡ್ತವೆ. ಕಾಲ ಮುಗಿದ ಮೇಲೆ ಉದುರಿ ಹೋಗುತ್ತೆ.

ಈ ಬೆಳ್ಳಕ್ಕಿಗೆ ಇಂಗ್ಲಿಷಿನಲ್ಲಿ ಈಗ್ರೆಟ್. ಫ್ರೆಂಚಿನಲ್ಲಿ ಇದೇ ಬೇರಿನ ಎಗ್ರೆಟ್ ಅನ್ನೋ ಪದಕ್ಕೆ ಟೋಪಿ ಮೇಲಿನ ಗರಿಗೊಂಚಲು ಅಂತಾನೂ ಅರ್ಥ. ಅಂದ್ರೆ ನಮ್ಮ ಕಲ್ಗಿ. ಹಕ್ಕಿ ಹೆಸರೇ ಒಡವೆಗೆ ಅಂಟಿಕೊಂಡಿತು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸೇನೆಯ ಕೆಲವು ದಳಗಳ ಅಧಿಕಾರಿಗಳ ಟೋಪಿಯಲ್ಲಿ ನಿಲ್ಲುತ್ತಿದ್ದದ್ದು ಈ ಗರಿ. ವ್ಯಾಪಾರಿಗಳು ಅದನ್ನ ಆಸ್ಪ್ರೇ ಅಂತ ಸುಳ್ಳು ಹೆಸರಲ್ಲಿ ಮಾರುತ್ತಿದ್ದರು. ಅಧಿಕಾರಿಗಳ ಜೊತೆ ಶ್ರೀಮಂತ ಹೆಂಗಸರ ಹ್ಯಾಟುಗಳೂ ಸೇರಿಕೊಂಡವು. 1903ರಲ್ಲಿ ಅಮೆರಿಕದಲ್ಲಿ ಬೇಟೆಗಾರರಿಗೆ ಒಂದು ಔನ್ಸ್ ಗರಿಗೆ 32 ಡಾಲರ್ ಸಿಗುತ್ತಿತ್ತು. ಆಗ ಒಂದು ಔನ್ಸ್ ಬಂಗಾರಕ್ಕೆ ಇದ್ದದ್ದು 20 ಡಾಲರ್ ಚಿಲ್ಲರೆ.

ಇದರ ಕ್ರೌರ್ಯ ಇರೋದು ಕಾಲದಲ್ಲಿ. ಆ ಗರಿ ಬರೋದು ಮರಿ ಮಾಡೋ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಹೊಡೆಯೋದೂ ಆಗಲೇ, ಗೂಡಿನ ಮೇಲೇ. ತಾಯಿ-ತಂದೆ ಎರಡೂ ಸತ್ತು ಬಿದ್ದರೆ ಗೂಡಿನ ಮರಿಗಳು ಹಸಿದು ಸಾಯುತ್ತವೆ. ಒಂದು ಗೊಂಚಲು ಗರಿಗೆ ಒಂದು ಇಡೀ ಸಂಸಾರ. ಇದನ್ನ ನಿಲ್ಲಿಸೋಕೆ ಹೊರಟವರೂ ಹೆಂಗಸರೇ. 1889ರಲ್ಲಿ ಇಂಗ್ಲೆಂಡಿನ ಎಮಿಲಿ ವಿಲಿಯಮ್ಸನ್ ಗರಿ ತೊಡಲ್ಲ ಅಂತ ಗೆಳತಿಯರ ಸಂಘ ಕಟ್ಟಿದಳು. ಅದೇ ಬೆಳೆದು ಇವತ್ತಿನ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆ ಆಯ್ತು. 1899ರಲ್ಲಿ ವಿಕ್ಟೋರಿಯಾ ರಾಣಿ, ತನ್ನ ಸೇನೆಯ ಅಧಿಕಾರಿಗಳು ಇನ್ನು ಮೇಲೆ ಈ ಗರಿ ತೊಡಬಾರದು ಅನ್ನೋ ಆದೇಶಕ್ಕೆ ಒಪ್ಪಿಗೆ ಕೊಟ್ಟಳು. 1902ರಲ್ಲಿ ಭಾರತ ಸರ್ಕಾರ ಇಲ್ಲಿಂದ ಹಕ್ಕಿ ಗರಿ, ಚರ್ಮ ರಫ್ತು ಮಾಡೋದನ್ನ ನಿಷೇಧಿಸಿತು. 1921ರಲ್ಲಿ ಬ್ರಿಟನ್ನಿನ ಸಂಸತ್ತು ಗರಿ ಆಮದಿಗೇ ತಡೆ ಹಾಕೋ ಕಾಯ್ದೆ ತಂದಿತು. ಸೈನಿಕರು ಟೋಪಿ ಬಿಡಲಿಲ್ಲ, ಗರಿ ಬದಲಿಸಿಕೊಂಡರು. ಸಾಕಿದ ಉಷ್ಟ್ರಪಕ್ಷಿಯದು, ಹುಂಜದ್ದು. ಸಾಣಾಪುರದ ಟ್ರ್ಯಾಕ್ಟರಿನ ಹಿಂದೆ ಇವತ್ತು ಬೆಳ್ಳಕ್ಕಿ ನಡೀತಾ ಇದೆ ಅಂದ್ರೆ, ಅದರ ಹಿಂದೆ ದೂರದ ಆ ಹೆಂಗಸರ ಹಟದ ಪಾಲೂ ಇದೆ.

ಇನ್ನೊಂದು ಹಕ್ಕಿ ಹೇಳಿಬಿಡ್ತೀನಿ. ಆಸ್ಟ್ರೇಲಿಯಾದ ಕುದುರೆ ಸೈನಿಕರು ಅಗಲ ಅಂಚಿನ ಸ್ಲೌಚ್ ಹ್ಯಾಟಿಗೆ ಎಮು ಗರಿ ಸಿಕ್ಕಿಸೋರು. ಕ್ವೀನ್ಸ್‌ಲೆಂಡಿನ ಸವಾರರು 1891ರಲ್ಲಿ ಶುರು ಮಾಡಿದ ರೂಢಿ ಅದು. ಯಾರಾದರೂ ಇದೇನು ಅಂತ ಕೇಳಿದರೆ "ಕಾಂಗರೂ ಗರಿ" ಅಂತ ಹೇಳಿ ನಗೋರಂತೆ. ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ತೀನಿನ ಮರಳಿನಲ್ಲಿ ಇವರಿದ್ದ ಕುದುರೆ ಪಡೆಯ ದೊಡ್ಡ ದಳಕ್ಕೆ ಆಸ್ಟ್ರೇಲಿಯಾದ ಹ್ಯಾರಿ ಶೊವೆಲ್ ಮುಖ್ಯಸ್ಥ. ಅದೇ ದಳದಲ್ಲಿ ನಮ್ಮವರೂ ಇದ್ದರು: ಮೈಸೂರು ಲ್ಯಾನ್ಸರ್ಸ್, ಹೈದರಾಬಾದ್ ಲ್ಯಾನ್ಸರ್ಸ್, ಜೋಧ್‌ಪುರ ಲ್ಯಾನ್ಸರ್ಸ್, ಮೂರೂ ಒಂದೇ ಬ್ರಿಗೇಡ್. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರ, ಮೈಸೂರಿನ ಸವಾರರು ಭರ್ಜಿ ಹಿಡಿದು ಮಷಿನ್ ಗನ್ನುಗಳಿಗೆ ಎದುರಾಗಿ ಹೈಫಾ ಊರು ಗೆದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರೋ ಮೂರು ಪ್ರತಿಮೆ ಈ ಮೂರು ಸಂಸ್ಥಾನದ್ದೇ. ಆಗ ನಮ್ಮ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದಿನಲ್ಲಿತ್ತು. ಈಗಿನ ಕರ್ನಾಟಕದ ನಕ್ಷೆ ಹಿಡಿದು ನೋಡಿದರೆ ಮೂರರಲ್ಲಿ ಎರಡು ಪ್ರತಿಮೆ ಮೇಲೆ ನಾವು ಹಕ್ಕು ಹೇಳಬಹುದು. ಸುಮ್ಮನೆ ತಮಾಷೆಗೆ ಹೇಳಿದೆ, ಬೆಂಗಳೂರಿನ ಗೆಳೆಯರು ಬೇಜಾರಾಗಬೇಡಿ.

ಹೈಫಾದಂಥ ದಾಳಿ ಆಮೇಲೆ ಹೆಚ್ಚು ನಡೆಯಲಿಲ್ಲ. ಹೊಗೆ ಇಲ್ಲದ ಮದ್ದು, ಮೈಲಿ ದೂರ ಹೊಡೆಯೋ ರೈಫಲ್ ಅದಕ್ಕೂ ಮೊದಲೇ ಬಂದಿದ್ದವು. "ಇವನು ನಮ್ಮವನು" ಅಂತ ಹೇಳೋ ಗರಿಯೇ "ಇವನು ಇಲ್ಲಿದ್ದಾನೆ" ಅಂತ ಶತ್ರುವಿಗೂ ಹೇಳತೊಡಗಿತು. ಸೇನೆ ಮಣ್ಣಿನ ಬಣ್ಣ ತೊಟ್ಟಿತು. ಖಾಕಿ ಅನ್ನೋ ಪದದ ಅರ್ಥವೇ ಮಣ್ಣು, ಧೂಳು. ಗರಿ ಮೆರವಣಿಗೆಗೆ ಮಾತ್ರ ಉಳಿಯಿತು.

ಟೋಪಿ ಬದಲಾದರೂ ಅದರ ಆಕಾರದಲ್ಲಿ ಹಳೇ ಕೆಲಸದ ಗುರುತು ಉಳಿದುಬಿಡುತ್ತೆ. ನಮ್ಮ ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್‌ಗಳ ಸ್ಲೌಚ್ ಹ್ಯಾಟು ನೆನಪಿಸಿಕೊಳ್ಳಿ, ಒಂದು ಕಡೆ ಅಂಚು ಮಡಚಿದ್ದು. ಆ ಮಡಿಕೆ ಭುಜದ ಮೇಲೆ ಬಂದೂಕು ಹೊತ್ತಾಗ ಅಂಚಿಗೆ ತಗಲಬಾರದು ಅಂತ ಆದದ್ದು. ಆಸ್ಟ್ರೇಲಿಯಾದವರದ್ದೂ ಅದೇ ಹ್ಯಾಟು, ಗರಿ ಒಂದು ಹೆಚ್ಚು. ಟ್ರಾಫಿಕ್‌ನಲ್ಲಿ ನಿಂತವನಿಗೆ ಬಂದೂಕೂ ಇಲ್ಲ, ಗರಿಯೂ ಇಲ್ಲ, ಮಡಿಕೆ ಮಾತ್ರ ಇತ್ತು. 2025ರ ಅಕ್ಟೋಬರ್‌ನಲ್ಲಿ ಅದನ್ನ ಬಿಟ್ಟು ನೀಲಿ ಪೀಕ್ ಕ್ಯಾಪ್ ತಂದರು.

ಹಾಗಾದ್ರೆ ಈಗ ಗರಿಯ ಅರ್ಥ ಮುಗೀತಾ? ಮುಗಿದಿಲ್ಲ. ನಮ್ಮ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿನ ಗುರುತು ಇವತ್ತಿಗೂ ಬಿಳಿ ಗರಿ. 1999ರ ಜುಲೈ 4ರ ನಸುಕಿನಲ್ಲಿ ಟೈಗರ್ ಹಿಲ್ ಹತ್ತಿದ 18 ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್‌ಗೆ ಆಗ 19 ವರ್ಷ. ಹತ್ತುವಾಗ ತಲೆ ಮೇಲೆ ಗರಿ ಇರಲಿಲ್ಲ, ಇರೋಕೆ ಸಾಧ್ಯವೂ ಇಲ್ಲ. ಆದರೆ ಹತ್ತಿದ್ದು ಗರಿಯ ಹೆಸರಿನಲ್ಲಿ ಅಂತ ಯಾವ ಫೌಜಿಯನ್ನ ಕೇಳಿದರೂ ಹೇಳ್ತಾನೆ. ಅವರು ಅದಕ್ಕೆ "ಪಲ್ಟನ್ನಿನ ಇಜ್ಜತ್" ಅಂತಾರೆ. ಮೈಮೇಲೆ ಹಲವು ಗುಂಡು ಬಿದ್ದರೂ ಮೇಲೆ ಹತ್ತೋಕೆ ಸಂಬಳದ ಸ್ಲಿಪ್ಪು ಸಾಕಾಗಲ್ಲ.

ಇದನ್ನ ನಾನು ಅರ್ಥ ಮಾಡಿಕೊಂಡದ್ದು ಪುಸ್ತಕದಿಂದ ಅಲ್ಲ, ಕೊರಳಿನ ಪಟ್ಟಿಯಿಂದ. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಒಂದು ದೊಡ್ಡ ಕಂಪನಿಯಲ್ಲಿ ಎರಡು ವರ್ಷ ಕಾಂಟ್ರ್ಯಾಕ್ಟ್ ಮೇಲಿದ್ದೆ. ಪರ್ಮನೆಂಟ್‌ನವರ ಐಡಿ ಕಾರ್ಡಿಗೆ ನೀಲಿ ಪಟ್ಟಿ, ನಮಗೆ ಕೆಂಪು. ಅದೇ ಮಾಡ್ಯೂಲು, ಅದೇ ರಾತ್ರಿ ಡಿಪ್ಲಾಯ್‌ಮೆಂಟು, ಅದೇ ಬೈಗುಳ. ಆದರೆ ವಾರ್ಷಿಕ ಪಾರ್ಟಿ ದಿನ ಕೆಂಪು ಪಟ್ಟಿಯವರು ಐದಕ್ಕೆ ಮನೆಗೆ. ಯಾರೂ ಬಾಯಿಬಿಟ್ಟು ಹೋಗಿ ಅಂದಿರಲಿಲ್ಲ. ಪಟ್ಟಿಯೇ ಹೇಳುತ್ತಿತ್ತು. ಲಿಫ್ಟಿನಲ್ಲಿ ಜನ ಮೊದಲು ಮುಖ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದರು. ಗುರುತು ಅನ್ನೋದು ನಮ್ಮವರನ್ನ ತೋರಿಸೋ ಹೊತ್ತಿಗೇ ನಮ್ಮವರಲ್ಲದವರನ್ನೂ ತೋರಿಸಿಬಿಡುತ್ತೆ.

ಈಗ ಕಾಕಾನ ಮಗನ ವಿಷಯ. ಸಣ್ಣವನಿದ್ದಾಗಿಂದ ಅವನಿಗೆ ಫೌಜಿನ ಹುಚ್ಚು. ನಸುಕಿನಲ್ಲಿ ಎದ್ದು ಕೆರೆ ದಂಡೆ ರಸ್ತೆ ಮೇಲೆ ಓಡೋನು. ಹೋಮ್‌ಸ್ಟೇಯಲ್ಲಿದ್ದ ವಿದೇಶಿಯರು ಜೊತೆಗೆ ಓಡಿ ಸುಸ್ತಾಗಿ ನಿಲ್ಲೋರು. 2022ರಲ್ಲಿ ಅಗ್ನಿಪಥ ಯೋಜನೆ ಬಂತು, ಮೊದಲ ಬ್ಯಾಚಿನಲ್ಲೇ ಆಯ್ಕೆಯಾದ. ಯಾವ ರೆಜಿಮೆಂಟು ಅಂತ ಬರೆಯಲ್ಲ, ಅವನಿಗೆ ಇಷ್ಟ ಆಗಲಿಕ್ಕಿಲ್ಲ. 2023ರಲ್ಲಿ ಅವನ ಕಸಮ್ ಪರೇಡಿಗೆ ಕಾಕಾ, ಚಿಗವ್ವ, ನಾನು ಮೂರೂ ಜನ ಹೋಗಿದ್ವಿ. ಮೈದಾನದಲ್ಲಿ ನೂರಾರು ಹುಡುಗರು, ಎಲ್ಲರೂ ಒಂದೇ ಎತ್ತರ, ಒಂದೇ ಹೆಜ್ಜೆ, ಎಲ್ಲರ ಪೇಟದ ಮೇಲೂ ತುರಾಯಿ. ಚಿಗವ್ವ ಸೆರಗು ಹಣೆಗೆ ಅಡ್ಡ ಹಿಡಿದು ಹುಡುಕೇ ಹುಡುಕಿದಳು. "ಯಾವ್ದೋ ನಂದು?" ಅಂತ ನನ್ನ ಕೇಳಿದಳು. ರಾಮನಿಗೆ ಆದ ಕಷ್ಟವೇ ಅವಳಿಗೂ ಆಯ್ತು. ತನ್ನ ಮಗನನ್ನ ಗುರುತು ಹಿಡಿಯೋಕೆ ಆಗದಷ್ಟು ಅವನು ಅವರವನಾಗಿದ್ದ.

ಪರೇಡ್ ಮುಗಿದ ಮೇಲೆ ಸಿಕ್ಕ. ಆ ತುರಾಯಿ ಮುಟ್ಟಿ ನೋಡಿದೆ, ಗಂಜಿ ಹಾಕಿ ಗಡಸು ಮಾಡಿದ ಬಟ್ಟೆ, ಒಂದೊಂದು ಮಡಿಕೆನೂ ಅಳೆದು ಇಟ್ಟ ಹಾಗೆ.

"ಉತ್ತರದ ಹುಡುಗ್ರಿಗೆ ಇದಕ ಗಂಜಿ ಹಿಡಸಾಕ ಬರ್ತಿರ್ಲಿಲ್ಲಣ್ಣ" ಅಂದ. "ಗಂಗಾವತ್ಯಾನೋರಿಗೆ ಗಂಜಿ ಹೇಳಿಕೊಡಬೇಕೇನು? ಇಡೀ ಬ್ಯಾರಕ್ಕಿಗೆ ನಾನ ಮಾಡಿಕೊಟ್ಟೆ."

"ಭಾರ ಇಲ್ಲೇನಪಾ?" ಅಂದ ಕಾಕಾ.

"ಭಾರ ಏನಿಲ್ಲಪ್ಪ. ಆದ್ರ ಇದನ್ನ ಹಾಕ್ಕೊಂಡ್ರ ತಲಿ ಬಗ್ಸಾಕ ಬರಂಗಿಲ್ಲ. ಕುತ್ತಿಗಿ ತಾನ ನೆಟ್ಟಗ ನಿಂತಬಿಡ್ತೈತಿ."

ಚಿಗವ್ವ ಅದನ್ನ ಊರಿಗೆ ತಗೊಂಡು ಹೋಗ್ತೀನಿ, ದೇವರ ಜಗಲಿ ಪಕ್ಕ ಮೊಳೆ ಹೊಡೆದು ಇಡ್ತೀನಿ ಅಂದಳು. ನಮ್ಮ ಅಜ್ಜ ದೊಡ್ಡಾಟದಲ್ಲಿ ದುರ್ಯೋಧನ ಮಾಡುತ್ತಿದ್ದ. ನವಿಲುಗರಿಯ ಆ ಕಿರೀಟ ಈಗಲೂ ಅದೇ ಜಾಗದಲ್ಲಿ ಇದೆ. ಅದರ ಪಕ್ಕಕ್ಕೆ ಇದು ಅಂತ ಅವಳ ಲೆಕ್ಕ. ಅವನು ನಕ್ಕು, "ಇದು ನಂದಲ್ಲಬೇ, ಪರೇಡಿಗಷ್ಟ ಕೊಟ್ಟಾರ. ಸಂಜಿಕ ಸ್ಟೋರಿಗೆ ವಾಪಸ್ ಕೊಡಬೇಕು" ಅಂದ.

ಅಗ್ನಿಪಥದ ನಿಯಮ ನಿಮಗೆ ಗೊತ್ತಿರುತ್ತೆ. ನಾಲ್ಕು ವರ್ಷ. ಅದಾದ ಮೇಲೆ ಒಂದು ಬ್ಯಾಚಿನಲ್ಲಿ ಹೆಚ್ಚೆಂದರೆ ನೂರಕ್ಕೆ 25 ಜನರನ್ನ ಖಾಯಂ ಮಾಡಿಕೊಳ್ಳುತ್ತಾರೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ, ಪಿಂಚಣಿ ಇಲ್ಲ. ಅಷ್ಟು ದಿನವೂ ಸಮವಸ್ತ್ರದ ಮೇಲೆ ಅಗ್ನಿವೀರ ಅಂತ ಬೇರೆಯದೇ ಗುರುತು. ಈ ಯೋಜನೆ ಸರಿಯಾ ತಪ್ಪಾ ಅಂತ ಟಿವಿಯಲ್ಲಿ ಸಾಕಷ್ಟು ಕೂಗಾಡಿದ್ದಾರೆ. ಸೇನೆಗೆ ಎಳೆಯ ವಯಸ್ಸಿನವರು ಬೇಕು ಅನ್ನೋ ಮಾತಿನಲ್ಲೂ ಹುರುಳಿದೆ, ಪಿಂಚಣಿಯ ಹೊರೆ ಅನ್ನೋದೂ ಸುಳ್ಳಲ್ಲ. ನನಗೆ ಕಾಣೋದು ಒಂದೇ. ಎರಡು ವರ್ಷ ಕೆಂಪು ಪಟ್ಟಿ ತೊಟ್ಟ ನನಗೆ ಪ್ರಾಣದ ಪ್ರಶ್ನೆ ಇರಲಿಲ್ಲ. ಬಿಟ್ಟರೆ ಇನ್ನೊಂದು ಕಂಪನಿ, ಇನ್ನೊಂದು ಪಟ್ಟಿ. ಅವನಿಗೆ ಕೊಟ್ಟದ್ದು ತಲೆ ಬಗ್ಗಿಸೋಕೆ ಬಿಡದ ಗುರುತು. ಅದನ್ನ ನಾಲ್ಕು ವರ್ಷ ತೊಟ್ಟವನ ಕುತ್ತಿಗೆಯಿಂದ ಅದನ್ನ ವಾಪಸ್ ತಗೊಳ್ಳೋದು ಹೇಗೆ?

ಊರಿನಲ್ಲಿ ಈ ಪ್ರಶ್ನೆ ಇನ್ನೂ ಸರಳವಾಗಿ ಕೇಳ್ತಾರೆ. ಹೋದ ವರ್ಷ ಒಂದು ಕಡೆಯಿಂದ ಹೆಣ್ಣಿನವರು ಬಂದಿದ್ದರು. ಹುಡುಗ ಚಲೋ ಅದಾನ, ಮನಿ ಚಲೋ ಐತಿ, ಎಲ್ಲ ಸರಿ. ಹೊರಡುವಾಗ ಹಿರಿಯರೊಬ್ಬರು ಕಾಕಾನಿಗೆ ಹೇಳಿದರಂತೆ: "ಇಪ್ಪತ್ತೈದರಾಗ ಬಂದಾನೋ ಎಪ್ಪತ್ತೈದರಾಗ ಬಂದಾನೋ ತಿಳೀಲಿ, ಆಮ್ಯಾಲ ಕುಂತು ಮಾತಾಡೂಣು." ಅವನ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತೆ.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡಾಗಿಂದ ಬೆಂಗಳೂರಿನಲ್ಲಿ ನನ್ನ ಕಣ್ಣಿಗೆ ತುರಾಯಿಗಳು ಬೇರೆ ಥರ ಬೀಳ್ತಾ ಇವೆ. ನೀವೂ ಗಮನಿಸಿ. ಫೈವ್ ಸ್ಟಾರ್ ಹೋಟೆಲಿನ ಬಾಗಿಲು ತೆಗೆದು ಸಲಾಮು ಹೊಡೆಯೋ ದೊಡ್ಡ ಮೀಸೆಯವರ ಪೇಟದ ಮೇಲೆ ತುರಾಯಿ. ಮದುವೆ ದಿಬ್ಬಣದ ಬ್ಯಾಂಡಿನವರ ಟೋಪಿಯಲ್ಲಿ ಕೆಂಪು-ಬಿಳಿ ಪುಕ್ಕ. ಕಲ್ಯಾಣ ಮಂಟಪದಲ್ಲಿ ಎಲೆ ಹಾಕೋ ಹುಡುಗರಿಗೂ ಕೇಟರಿಂಗ್‌ನವರು ರೆಡಿಮೇಡ್ ಪೇಟ ತೊಡಿಸಿರ್ತಾರೆ, ಅದರಲ್ಲೂ ಪ್ಲಾಸ್ಟಿಕ್ ಕಲ್ಗಿ. ರಾಜನ ಕಿರೀಟದಿಂದ ಹೊರಟದ್ದು ಅಲ್ಲಿಗೆ ಬಂದು ನಿಂತಿದೆ. ಆ ಕೆಲಸ ಕೀಳು ಅಂತ ನಾನು ಹೇಳ್ತಿಲ್ಲ. ಆದರೆ ಆ ಬಾಗಿಲ ಹತ್ತಿರ ನಿಂತ ಅಣ್ಣನಿಗೆ ತುರಾಯಿ ಇರೋದು ಅವನ ತಲೆ ಎತ್ತಿಸೋಕಲ್ಲ, ಒಳಗೆ ಹೋಗೋ ನಮ್ಮ ತಲೆ ಎತ್ತಿಸೋಕೆ.

ಮೊನ್ನೆ ರಜೆಗೆ ಬಂದಿದ್ದ ಕಾಕಾನ ಮಗ ವಾಪಸ್ ಹೋಗುವಾಗ ಬೆಂಗಳೂರಿನಲ್ಲಿ ಒಂದು ದಿನ ನನ್ನ ಮನೆಯಲ್ಲಿದ್ದ. ಆಫೀಸು ನೋಡ್ತೀನಿ ಅಂದ, ಕರ್ಕೊಂಡು ಹೋದೆ. ಗೇಟಿನ ಹತ್ತಿರ ವಿಸಿಟರ್ ಅಂತ ಹಳದಿ ಪಟ್ಟಿ ಕೊಟ್ಟರು, ಕೊರಳಿಗೆ ಹಾಕಿಕೊಂಡ. ಸೆಕ್ಯೂರಿಟಿಯವರು ನಿಂತ ರೀತಿ ನೋಡಿಯೇ ಅವರಲ್ಲಿ ಇಬ್ಬರು ಮಾಜಿ ಸೈನಿಕರು ಅಂತ ಗುರುತು ಹಿಡಿದ. ಅವರೂ ಇವನನ್ನ ಗುರುತು ಹಿಡಿದರು. ಹಿಂದಿಯಲ್ಲಿ ಏನೋ ಮಾತಾಡಿ ನಕ್ಕರು. ಒಬ್ಬರಿಗೊಬ್ಬರು ಯಾವ ಪಟ್ಟಿಯನ್ನೂ ನೋಡಲಿಲ್ಲ.

ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತಾ ಅವನು ಸಹಜವಾಗಿ, ಹೊಲದ ರೇಟು ಕೇಳಿದ ಹಾಗೆ ಕೇಳಿದ: "ಅಣ್ಣಾ, ಇಲ್ಲಿ ಸೆಕ್ಯೂರಿಟಿ ಕೆಲಸಕ್ಕ ಪಗಾರ ಎಷ್ಟು ಕೊಡ್ತಾರ?"

ಅವನಿಗೆ 22 ವರ್ಷ. ಕುತ್ತಿಗೆ ಇನ್ನೂ ನೆಟ್ಟಗೇ ಇತ್ತು.

"ಕೇಳಿ ಹೇಳ್ತೀನಿ" ಅಂದೆ. ಕೇಳಿದ್ದೀನಿ. ಮೊತ್ತವೂ ಗೊತ್ತಾಗಿದೆ. ಅವನಿಗೆ ಇನ್ನೂ ಹೇಳಿಲ್ಲ.